ಹೆಡ್‌ಮೇಷ್ಟ್ರ ದನಿಯಲ್ಲಿ ನಾನು ಮನೆಗೆ ಕಳಿಸಿದ ಹುಡುಗ

ಐಸ್ ಹಾಕಿ ಬಗ್ಗೆ ನನಗೆ ಗೊತ್ತಿದ್ದದ್ದು ಎರಡೇ ವಿಷಯ. ಅದನ್ನು ಐಸ್ ಮೇಲೆ ಆಡುತ್ತಾರೆ, ಮತ್ತು ಐಸ್ ಮೇಲೆ ನಿಂತರೆ ನಾನು ಬೀಳುತ್ತೇನೆ. ಇಷ್ಟು ಪಾಂಡಿತ್ಯ ಇಟ್ಟುಕೊಂಡು ಒಂದು ಆಗಸ್ಟ್ ತಿಂಗಳಲ್ಲಿ ನಾಲ್ಕು ದಿನ ಕೂತು ನಲವತ್ತು ಹುಡುಗರ ಹಣೆಬರಹ ಟೈಪ್ ಮಾಡಿದೆ. ಬ್ರಹ್ಮನಿಗಾದರೂ ಸ್ವಲ್ಪ ಅನುಭವ ಇತ್ತು.

ಆಗ ನಾನು ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾದಲ್ಲಿ ಮಾಸ್ಟರ್ಸ್ ಓದುತ್ತಿದ್ದೆ. ನಮ್ಮ ವಿಭಾಗದ ನೋಟೀಸ್ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಿದ್ದರು. ಟ್ರೇನಿನಲ್ಲಿ ಕೆಲವು ಗಂಟೆ ದೂರದ ಸಣ್ಣ ಊರೊಂದರ ಹಾಕಿ ಕ್ಲಬ್ಬು ಹದಿನಾರರ ಆಸುಪಾಸಿನ ಹುಡುಗರಿಗೆ ಆಯ್ಕೆಯ ಕ್ಯಾಂಪ್ ನಡೆಸುತ್ತದೆ, ಅಂಕ ಲೆಕ್ಕ ಹಾಕಲು ಒಬ್ಬ ವಿದ್ಯಾರ್ಥಿ ಬೇಕು. ಷರತ್ತು ಒಂದೇ, ಹುಡುಗರಲ್ಲಿ ಯಾರೊಬ್ಬರ ಪರಿಚಯವೂ ಇರಬಾರದು. ಆ ಊರಲ್ಲಿ ಕೋಚುಗಳೆಲ್ಲ ಯಾವುದಾದರೂ ಹುಡುಗನ ಚಿಕ್ಕಪ್ಪನೋ ಪಕ್ಕದ ಮನೆಯವರೋ ಆಗಿರುತ್ತಾರಂತೆ. ಹಾಗಾಗಿ ಹುಡುಗರಿಗೆ ಹೆಸರೇ ಇಲ್ಲ. ಹೆಲ್ಮೆಟ್ಟಿನ ಮೇಲೆ ನಂಬರು, ಹಾಳೆಯ ಮೇಲೂ ನಂಬರು. ನನ್ನ ಅರ್ಹತೆ ಪ್ರಶ್ನಾತೀತ. ನಮ್ಮ ವಂಶದಲ್ಲಿ ಐಸ್ ಕಂಡವರೆಂದರೆ ಕಬ್ಬಿನ ಹಾಲಿನ ಅಂಗಡಿಯಲ್ಲಿ ಕಂಡವರೇ.

ನನ್ನ ರೂಮ್‌ಮೇಟು ಧಾರವಾಡದವನು. ನಮ್ಮ ಬೆಂಗಳೂರಿನ ಗುಂಪಿನಲ್ಲಿ ಅವನು ಭಾಷೆಯನ್ನು ಇಸ್ತ್ರಿ ಮಾಡಿಕೊಂಡೇ ಮಾತಾಡುತ್ತಿದ್ದ. ಹೊರಡುವ ದಿನ ಹೇಳಿದ, “ಹೋಗು ಮಗಾ. ಆದ್ರೆ ಅಲ್ಲಿ ಯಾರನ್ನೂ ಇಮಿಟೇಟ್ ಮಾಡಬೇಡ. ನೀನು ನನ್ನ ಪ್ರೊಫೆಸರನ್ನ ಇಮಿಟೇಟ್ ಮಾಡಿದ್ದಕ್ಕೆ ನಾನು ಲಿಫ್ಟ್‌ನಲ್ಲಿ ಅವರ ಮುಖ ನೋಡೋಕಾಗಲ್ಲ.”

“ಅದು ಕಲೆ ಕಣೋ.”

“ಅದು ಕಾಯಿಲೆ.”

ಕಾಯಿಲೆಯೇ ಇರಬೇಕು. ಸ್ವೀಡಿಷ್ ವ್ಯಾಕರಣ ನನಗೆ ಇವತ್ತಿಗೂ ಅರ್ಧಂಬರ್ಧ, ಆದರೆ ರಾಗ ಮಾತ್ರ ಬಂದ ಮೂರನೇ ತಿಂಗಳಿಗೇ ಹತ್ತಿತ್ತು. ಪದಕ್ಕೆ ಮೊದಲು ನನಗೆ ಕೇಳಿಸುವುದು ಉಸಿರು, ಎಲ್ಲಿ ತಡೆಯುತ್ತಾರೆ, ಎಲ್ಲಿ ಬಿಡುತ್ತಾರೆ ಅನ್ನುವುದು. ಕನ್ನಡಿಯಲ್ಲಿ ನನ್ನನ್ನೇ ನಾನು ಇಮಿಟೇಟ್ ಮಾಡಿಕೊಂಡದ್ದೂ ಉಂಟು. ಅದೊಂದು ಮಾತ್ರ ಯಾವತ್ತೂ ಸರಿಯಾಗಿ ಬಂದಿಲ್ಲ.

ಹೊರಗೆ ಬಿಸಿಲಿನಲ್ಲಿ ಜನ ಐಸ್‌ಕ್ರೀಮ್ ತಿನ್ನುತ್ತಿದ್ದರೆ ನಾನು ಕ್ಲಬ್ಬಿನ ಐಸ್ ರಿಂಕಿನ ಒಳಗೆ ಡಿಸೆಂಬರಿನ ಜಾಕೆಟ್ಟಿನಲ್ಲಿ ನಡುಗುತ್ತ ಕೂತಿರುತ್ತಿದ್ದೆ. ಮೊದಲ ದಿನ ಪಕ್, ಅಂದರೆ ಚೆಂಡಿನ ಬದಲು ಆಡುವ ಗಟ್ಟಿ ರಬ್ಬರ್ ಬಿಲ್ಲೆ, ನನ್ನ ಮುಂದಿನ ಹಲಗೆಗೆ ಬಡಿದಾಗ, ಅಂಗಡಿಯ ರೋಲಿಂಗ್ ಶಟರನ್ನು ಯಾರೋ ಕಿವಿಯೊಳಗೇ ಎಳೆದಂತಾಯಿತು. ಲ್ಯಾಪ್‌ಟಾಪ್ ಅಪ್ಪಿಕೊಂಡು ಮೇಜಿನ ಕೆಳಗೆ ಹೋದೆ. ಹುಡುಗರ ಸ್ಕೇಟಿನ ಬ್ಲೇಡಿಗೆ ಸಾಣೆ ಹಿಡಿಯುವ ಒಬ್ಬ ಅಜ್ಜ ಅದನ್ನು ನೋಡಿದ. ಬಗ್ಗಿ ಮೇಜಿನ ಕೆಳಗೆ ಮುಖ ಇಟ್ಟು ಹೇಳಿದ, “ಮಧ್ಯೆ ಗಾಜಿದೆ.”

“ಆ ವಿಷಯ ಪಕ್‌ಗೆ ಗೊತ್ತಾ?” ಅಂದೆ.

ಅಜ್ಜ ಸದ್ದಿಲ್ಲದೆ ನಕ್ಕ. ಭುಜ ಮಾತ್ರ ಕುಣಿಯುತ್ತಿತ್ತು. ನನಗೆ ಪ್ರೇಕ್ಷಕ ಸಿಕ್ಕಿದ್ದ, ನಾನು ಕೆಡಲು ಅಷ್ಟು ಸಾಕು.

ಅಂಕ ಕೊಡುವವರು ನಾಲ್ಕು ಜನ. ಅವರಲ್ಲಿ ಹಿರಿಯರನ್ನು ನಾನು ಮನಸ್ಸಿನಲ್ಲೇ ಹೆಡ್‌ಮೇಷ್ಟ್ರು ಅನ್ನುತ್ತಿದ್ದೆ. ಕಂಬದಷ್ಟು ಎತ್ತರ, ದನಿ ಏರಿಸಿದ್ದನ್ನು ಕೇಳಿದವರಿಲ್ಲ, ಸೀಟಿ ಕೂಡ ಊದುತ್ತಿರಲಿಲ್ಲ. ಮಾತಿನ ನಡುವೆ ಲೈನ್ ಕಟ್ಟಾದ ಹಾಗೆ ನಿಂತುಬಿಡುತ್ತಿದ್ದರು. ಎದುರಿನವನು ಏನು ತಪ್ಪು ಮಾಡಿದೆನೋ ಅಂತ ಬೆವರುವಷ್ಟು ಹೊತ್ತು ಬಿಟ್ಟು, ಉಳಿದ ಎರಡು ಪದ ಇಡುತ್ತಿದ್ದರು. ನನಗಂತೂ ಅವರು ಗುಡ್ ಮಾರ್ನಿಂಗ್ ಹೇಳಿದರೂ ಪಾಸ್‌ಪೋರ್ಟ್ ಎಲ್ಲಿ ಅಂತ ಕೇಳಿದಂತಾಗುತ್ತಿತ್ತು.

ಅವರು ನೋಡುತ್ತಿದ್ದ ರೀತಿಯೇ ಬೇರೆ. ಗೋಲಿಗಳನ್ನು, ಅಂದರೆ ಗೋಲು ಕಾಯುವ ಹುಡುಗರನ್ನು ನೋಡುವಾಗ, ಎಷ್ಟು ತಡೆದ ಅನ್ನುವುದಕ್ಕಿಂತ ಗೋಲು ಬಿಟ್ಟ ಮೇಲಿನ ಹತ್ತು ಸೆಕೆಂಡ್ ಏನು ಮಾಡಿದ ಅನ್ನುವುದಕ್ಕೇ ಒಂದು ಪ್ರತ್ಯೇಕ ಕಾಲಂ. ಕೋಲು ಬಡಿದನೋ, ಬೇರೆಯವರನ್ನು ದುರುಗುಟ್ಟಿ ನೋಡಿದನೋ, ತಲೆ ಎತ್ತಿದನೋ. ಗೋಲಿಗಳು ಒಟ್ಟು ಆರು ಜನ, ಉಳಿಯುವವರು ಮೂವರು. ಆಯ್ಕೆಯಾದವರಿಗೆ ಆ ಊರಿನ ಹಾಕಿ ಸ್ಕೂಲಿನಲ್ಲಿ ಜಾಗ. ಮೂವತ್ತೊಂದನೇ ನಂಬರಿನವನು ಗೋಲು ಬಿಟ್ಟಾಗಲೆಲ್ಲ ಎರಡೂ ಕಂಬಗಳನ್ನು ಕೋಲಿನಿಂದ ಮೆಲ್ಲಗೆ ತಟ್ಟಿ, ಮಂಡಿ ಬಗ್ಗಿಸಿ, ಏನೂ ಆಗದವನಂತೆ ನಿಲ್ಲುತ್ತಿದ್ದ. ಆ ಕಾಲಂನಲ್ಲಿ ಅವನಿಗೆ ಐದಕ್ಕೆ ಐದು. ಷರಾದಲ್ಲಿ ಮಾತ್ರ ಹೆಡ್‌ಮೇಷ್ಟ್ರು ಬರೆದಿದ್ದರು: ‘ಸುಸ್ತಾದಾಗ ಎಡಗೈ ನಿದ್ದೆ ಮಾಡುತ್ತದೆ.’ ಹುಡುಗರಿಗೆ ಆ ಹಾಳೆ ತೋರಿಸುವಂತಿರಲಿಲ್ಲ. ಹಾಳೆಯ ಮಾತು ಹಾಳೆಯಲ್ಲೇ ಇರಬೇಕು ಅಂತ ಮೊದಲ ದಿನವೇ ನನ್ನಿಂದ ಸಹಿ ಹಾಕಿಸಿಕೊಂಡಿದ್ದರು.

ಮೂರನೇ ದಿನದಿಂದ ಹುಡುಗರನ್ನು ಮನೆಗೆ ಕಳಿಸಲು ಶುರು. ಪಟ್ಟಿ ಅಂಟಿಸುವುದಿಲ್ಲ, ಮೈಕಿನಲ್ಲಿ ಕೂಗುವುದಿಲ್ಲ. ಹೆಡ್‌ಮೇಷ್ಟ್ರು ಕಾರಿಡಾರಿನಲ್ಲಿ ನಡೆದು ಬಂದು ಒಬ್ಬನ ಭುಜದ ಮೇಲೆ ಕೈ ಇಟ್ಟು, “ತಾಕ್ ಫೋರ್ ದೆನ್ ಹ್ಯಾರ್... ಗೋಂಗೆನ್” ಅನ್ನುತ್ತಿದ್ದರು. ಈ ಸಲಕ್ಕೆ ಥ್ಯಾಂಕ್ಸ್. ಆಮೇಲೆ ಕೈ ಕುಲುಕುವುದು. ಹುಡುಗ ಏನೂ ಕೇಳುತ್ತಿರಲಿಲ್ಲ. ಯಾಕೆ ಅಂತಿಲ್ಲ, ಇನ್ನೊಂದು ಚಾನ್ಸ್ ಅಂತಿಲ್ಲ. ಬ್ಯಾಗ್ ತುಂಬಿಕೊಂಡು ಬಸ್ ಸ್ಟಾಪಿಗೆ ಹೋಗುತ್ತಿದ್ದ. ನಮ್ಮ ಕಡೆ ಆಗಿದ್ದರೆ ಅಪ್ಪ, ಅಮ್ಮ, ವಾರ್ಡಿನ ಲೀಡರು, ಮೂವರೂ ಬಂದು ರಿಂಕಿನ ಮಧ್ಯೆ ಧರಣಿ ಕೂರುತ್ತಿದ್ದರು. ಇಲ್ಲಿಯ ಈ ಮೌನ ನನಗೆ ಪಕ್‌ಗಿಂತ ಹೆಚ್ಚು ಭಯ ಹುಟ್ಟಿಸಿತು. ಆ ಬೆಳಿಗ್ಗೆ ಹನ್ನೊಂದು ಜನ ಹೋದರು. ಹೆಡ್‌ಮೇಷ್ಟ್ರ ಬೂಟಿನ ಸದ್ದು ಕೇಳಿದರೆ ಡ್ರೆಸ್ಸಿಂಗ್ ರೂಮಿನಲ್ಲಿ ಬ್ಯಾಗಿನ ಜಿಪ್ ಕೂಡ ನಿಲ್ಲುತ್ತಿತ್ತು.

ಭಯವಾದಾಗ ನಾನು ತಮಾಷೆ ಮಾಡುತ್ತೇನೆ. ಇದು ಸಮರ್ಥನೆ ಅಲ್ಲ, ರೋಗಲಕ್ಷಣ.

ಊಟದ ವೇಳೆಗೆ ಸಾಣೆ ಅಜ್ಜನ ಕೋಣೆಗೆ ಹೋದೆ. ಅಜ್ಜ ಒಂದು ಜೊತೆ ಸ್ಕೇಟು ಮುಗಿಸಿ ಮೆಷಿನ್ ಆರಿಸಿದ. ಅದರ ಮೇಲಿನ ಟೇಪಿನಲ್ಲಿ 31 ಅಂತ ಬರೆದಿತ್ತು. ಬಾಗಿಲು ಅರ್ಧ ತೆರೆದಿತ್ತು. ನಾನು ಬಾಗಿಲಿಗೆ ಬೆನ್ನು ಹಾಕಿ ನಿಂತು, ಬೆನ್ನು ನೆಟ್ಟಗೆ ಮಾಡಿ, ಗಂಟಲನ್ನು ಎದೆಯೊಳಗೆ ಇಳಿಸಿ, ಹೆಡ್‌ಮೇಷ್ಟ್ರಾದೆ.

“ಮೂವತ್ತೊಂದಕ್ಕೆ ಸಾಣೆ... ಬೇಡ. ಅವನ ಎಡಗೈ ನಿದ್ದೆ ಮಾಡುತ್ತಿದೆ. ಎಬ್ಬಿಸುವುದು... ಬೇಡ. ಊಟ ಆದ ಮೇಲೆ ಅವನಿಗೆ ಈ ಸಲಕ್ಕೆ... ಥ್ಯಾಂಕ್ಸ್ ಹೇಳುತ್ತೇನೆ.”

ಅಜ್ಜನ ಭುಜ ಕುಣಿಯಿತು, ಕಣ್ಣಲ್ಲಿ ನೀರು ಬಂತು. ಇಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ. ಖುಷಿಯಲ್ಲಿ ಎರಡು ಸ್ಯಾಂಡ್‌ವಿಚ್ ತಿಂದೆ.

ಒಂದೂಕಾಲಿಗೆ ಮಧ್ಯಾಹ್ನದ ಆಟ ಶುರುವಾದಾಗ ಐದೇ ಜನ ಗೋಲಿಗಳಿದ್ದರು. ಒಬ್ಬ ಕೋಚು ಡ್ರೆಸ್ಸಿಂಗ್ ರೂಮಿಗೆ ಹೋಗಿ ಬಂದು ನನ್ನ ಮೇಜಿನ ಹತ್ತಿರ ನಿಂತ.

“ಮೂವತ್ತೊಂದು ಇಲ್ಲ. ಅವನ ಜಾಗ ಖಾಲಿ.”

“ಖಾಲಿ ಅಂದರೆ?”

“ಬ್ಯಾಗೂ ಇಲ್ಲ. ಆಟಕ್ಕೆ ಬರದಿದ್ದರೆ ಅವನ ನಂಬರಿನ ಮೇಲೆ ಗೆರೆ ಎಳಿ. ನಾಲ್ಕಕ್ಕೆ ಲಿಸ್ಟು.”

ಗೆರೆ ಎಳಿ ಅಂದದ್ದು ನನಗೆ ಹೇಳಿದ ಮಾತು. ಬೆರಳು ಕೀಲಿಯ ಮೇಲಿತ್ತು, ಒತ್ತಲಾಗಲಿಲ್ಲ. ಸಾಣೆ ಕೋಣೆಗೆ ಓಡಿದೆ. ಶೆಲ್ಫಿನ ಮೇಲೆ 31ರ ಸ್ಕೇಟುಗಳು ಹಾಗೇ ಇದ್ದವು, ಬ್ಲೇಡು ಮಿಂಚುತ್ತಿತ್ತು.

ಅಜ್ಜ ಈಗ ನಗುತ್ತಿರಲಿಲ್ಲ. “ಊಟದ ಹೊತ್ತಿಗೆ ಬಂದು ತಗೊಂಡು ಹೋಗುತ್ತೇನೆ ಅಂದಿದ್ದ,” ಅಂದ.

ಇಬ್ಬರೂ ಅರ್ಧ ತೆರೆದ ಬಾಗಿಲನ್ನು ನೋಡಿದೆವು. ಹುಡುಗ ಬಂದಿದ್ದಾನೆ. ಹೊರಗೆ ನಿಂತಿದ್ದಾನೆ. ಸ್ಕೇಟು ಬೇಕಾದರೆ ಒಳಗೆ ಬಂದು ಹೆಡ್‌ಮೇಷ್ಟ್ರ ಮುಖ ನೋಡಬೇಕು. ಸ್ಕೇಟೇ ಬೇಡ ಅಂತ ಹೋಗಿಬಿಟ್ಟಿದ್ದಾನೆ.

ಆ ಗಳಿಗೆಯ ಭಯವನ್ನು ಹೇಗೆ ಹೇಳಲಿ. ಪರೀಕ್ಷೆಯಲ್ಲಿ ಫೇಲಾದಾಗ, ವೀಸಾ ಕೌಂಟರಿನಲ್ಲಿ ನಿಂತಾಗ ಆದ ಭಯವೆಲ್ಲ ನನಗೇನಾಗುತ್ತದೋ ಅನ್ನುವ ಭಯ. ಇದು ಹಾಗಲ್ಲ. ನನ್ನ ಬಾಯಿಂದ ಹೊರಟದ್ದು ಎರಡು ಕಾಲಿನ ಮೇಲೆ ನಡೆದು ಇನ್ನೊಬ್ಬನ ಜೀವನದೊಳಗೆ ಹೋಗಿ ಕೂತಿತ್ತು. ಮೊದಲು ಬಂದ ಯೋಚನೆ ಮಾತ್ರ ಶುದ್ಧ ಹೇಡಿಯದು: ಗೆರೆ ಎಳೆದರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡನೆಯದು ರೂಮ್‌ಮೇಟಿಗೆ ಫೋನ್ ಮಾಡುವುದು. ಟಾಯ್ಲೆಟ್ಟಿನಲ್ಲಿ ನಿಂತು ಎಲ್ಲ ಹೇಳಿದೆ. ಅವನ ಇಸ್ತ್ರಿ ಹಾರಿಹೋಯಿತು.

“ಏನ್ ಮಾಡೀಪಾ ನೀ? ಆ ಹುಡುಗ ಎಲ್ಲಿ ಅದಾನ?”

“ಗೊತ್ತಿಲ್ಲ. ಬಸ್ ಸ್ಟಾಪಲ್ಲಿ ಇರಬಹುದು.”

“ಮತ್ತ ನೀ ಎಲ್ಲಿ ಅದೀ?”

“ಟಾಯ್ಲೆಟ್ಟಲ್ಲಿ.”

“ಅಲ್ಲಿ ಏನ್ ಹುಡುಕಾಕ್ಹತ್ತೀ? ಓಡು ಮೊದ್ಲ.”

ಸ್ಕೇಟುಗಳನ್ನು ಎತ್ತಿಕೊಂಡು ಓಡಿದೆ. ಗೋಲಿಯ ಸ್ಕೇಟು ಇಷ್ಟು ಭಾರ ಅಂತ ಯಾರೂ ಹೇಳಿರಲಿಲ್ಲ, ಎರಡು ಬೀಸುಕಲ್ಲು ಹಿಡಿದು ಓಡಿದಂತಿತ್ತು. ಬ್ಲೇಡಿಗೆ ಈಗಷ್ಟೇ ಸಾಣೆ ಹಿಡಿದಿದ್ದರಿಂದ ದಾರಿಯುದ್ದಕ್ಕೂ ನನ್ನ ಹೊಟ್ಟೆಯ ಬಗ್ಗೆಯೂ ಚಿಂತೆ. ಬಿಸಿಲಲ್ಲಿ ಚಳಿಗಾಲದ ಜಾಕೆಟ್ ಹಾಕಿ, ಎರಡು ಕತ್ತಿ ಹಿಡಿದು ಏದುಸಿರು ಬಿಡುವ ಕಪ್ಪು ಆಸಾಮಿಯನ್ನು ಕಂಡು ಒಬ್ಬ ಹೆಂಗಸು ನಾಯಿಯನ್ನು ಎಳೆದುಕೊಂಡು ರಸ್ತೆ ದಾಟಿದಳು. ನಾಯಿಗೆ ಮಾತ್ರ ಆಸಕ್ತಿ ಇತ್ತು.

ಹುಡುಗ ಬಸ್ ಸ್ಟಾಪಿನಲ್ಲಿ ತನಗಿಂತ ದೊಡ್ಡ ಬ್ಯಾಗಿನ ಪಕ್ಕ ಕೂತಿದ್ದ. ಹೆಲ್ಮೆಟ್ ಇಲ್ಲದೆ ನಾನು ಅವನನ್ನು ನೋಡಿದ್ದು ಅದೇ ಮೊದಲು. ಕೆನ್ನೆಯ ಮೇಲೆ ಮೊಡವೆ, ಕಣ್ಣು ಕೆಂಪು. ಸ್ಕೇಟು ನೋಡಿ ಎದ್ದು ನಿಂತ.

“ಥ್ಯಾಂಕ್ಸ್,” ಅಂದ. ತಂದುಕೊಟ್ಟಿದ್ದಕ್ಕೆ.

“ಇಲ್ಲ, ಇಲ್ಲ. ವಾಪಸ್ ಬಾ. ನಿನ್ನನ್ನು ಯಾರೂ ಕಳಿಸಿಲ್ಲ.”

“ನಾನು ಕೇಳಿಸಿಕೊಂಡೆ.”

“ಅದು ನಾನು. ಆ ದನಿ ನಂದು. ತಮಾಷೆಗೆ ಮಾಡಿದ್ದು.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅವನ ಕಣ್ಣಲ್ಲಿ ನಾನೊಬ್ಬ ಕರುಣಾಳು. ಸಮಾಧಾನ ಮಾಡಲು ಸುಳ್ಳು ಹೇಳಲು ಬಂದ ವಿದೇಶಿ.

“ನೀನು ಒಳ್ಳೆಯವನು,” ಅಂದ. ಅದರಷ್ಟು ಕೆಟ್ಟ ಬೈಗುಳ ನಾನು ತಿಂದಿಲ್ಲ. “ಆದರೆ ಅವರು ನನ್ನ ಎಡಗೈ ಬಗ್ಗೆ ಹೇಳಿದರು. ಅದು ನಿಜ. ನನಗೂ ಗೊತ್ತು.”

“ಇರು, ಮಾಡಿ ತೋರಿಸ್ತೀನಿ,” ಅಂದೆ. ಬೆನ್ನು ನೆಟ್ಟಗೆ ಮಾಡಿದೆ. ಬಾಯಿ ತೆರೆದೆ. ಬಂದದ್ದು ಹೆಡ್‌ಮೇಷ್ಟ್ರ ದನಿಯಲ್ಲ, ಬಾವಿಗೆ ಬಿದ್ದ ಮೇಕೆಯದು. ಇನ್ನೊಮ್ಮೆ ಪ್ರಯತ್ನಿಸಿದೆ. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ನನ್ನ ಗಂಟಲಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ, ಅದೂ ಬೇಡವಾದ ಹೊತ್ತಿಗೆ. ಹುಡುಗ ಮರ್ಯಾದೆಯಿಂದ ಬೇರೆ ಕಡೆ ನೋಡಿದ.

ರಸ್ತೆಯ ತುದಿಯಲ್ಲಿ ಬಸ್ ಕಾಣಿಸಿತು. ಉಳಿದದ್ದು ಒಂದೇ ದಾರಿ, ಓಡಿ ಬರುವಾಗ ನಾನು ಬೇಕೆಂದೇ ಮರೆತಿದ್ದ ದಾರಿ. ಕ್ಲಬ್ಬಿನವರು ಕೊಟ್ಟ ಚೀಟಿಯಲ್ಲಿ ಹೆಡ್‌ಮೇಷ್ಟ್ರ ನಂಬರಿತ್ತು. ಒತ್ತಿದೆ.

“ಹೇಳು,” ಅಂದರು ಅವರು. ಹಿಂದೆ ಸ್ಕೇಟುಗಳು ಐಸ್ ಕೆರೆಯುವ ಸದ್ದು.

ಹೇಳಿದೆ. ಸ್ವೀಡಿಷ್ ಅರ್ಧ, ಇಂಗ್ಲಿಷ್ ಅರ್ಧ. ಅವರ ದನಿ ಮಾಡಿದ್ದು, ಹುಡುಗ ಕೇಳಿಸಿಕೊಂಡದ್ದು, ಈಗ ಬಸ್ ಬರುತ್ತಿರುವುದು. ಹೇಳಿ ಮುಗಿಸಿದ ಮೇಲೆ ಆ ಮೌನ ಬಂತು. ಈ ಸಲ ಅದು ಎಲ್ಲಿ ಮುಗಿಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಬಸ್ ಬಂದು ನಿಂತು ಬಾಗಿಲು ತೆರೆಯಿತು. ಹುಡುಗ ಬ್ಯಾಗ್ ಎತ್ತಿ ಭುಜಕ್ಕೆ ಹಾಕಿಕೊಂಡ.

“ಫೋನ್... ಅವನಿಗೆ ಕೊಡು,” ಅಂದರು.

ಹುಡುಗ ಫೋನ್ ಕಿವಿಗೆ ಹಿಡಿದ. ಅವನು ಉತ್ತರದ ಕಡೆಯವನು. ಅಲ್ಲಿಯವರು ಹೌದು ಅನ್ನಲು ಬಾಯಿ ತೆರೆಯುವುದಿಲ್ಲ, ತುಟಿ ಚೂಪು ಮಾಡಿ ಬಿಸಿ ಕಾಫಿ ಹೀರಿದಂತೆ ಉಸಿರು ಒಳಗೆಳೆದುಕೊಳ್ಳುತ್ತಾರೆ. ಅವನು ಮೂರು ಸಲ ಹಾಗೆ ಉಸಿರೆಳೆದುಕೊಂಡ. ಡ್ರೈವರು ನನ್ನನ್ನೂ ಸ್ಕೇಟುಗಳನ್ನೂ ನೋಡಿದ, ಏನೂ ಕೇಳದೆ ಬಾಗಿಲು ಮುಚ್ಚಿಕೊಂಡು ಹೋದ.

ವಾಪಸ್ ನಡೆಯುವಾಗ ಹುಡುಗ ನನಗಿಂತ ಹತ್ತು ಹೆಜ್ಜೆ ಮುಂದಿದ್ದ.

ಆಟದ ಕೊನೆಯ ಅರ್ಧ ಗಂಟೆಗೆ ಅವನನ್ನು ಗೋಲಿನಲ್ಲಿ ನಿಲ್ಲಿಸಿದರು. ನೋಡಲಾಗುತ್ತಿರಲಿಲ್ಲ. ಎಡಗೈಯನ್ನು ದೀಪ ಹಿಡಿದವನಂತೆ ಎತ್ತಿಕೊಂಡೇ ನಿಂತಿದ್ದ, ಪಕ್ಕುಗಳೆಲ್ಲ ಬಲಗಡೆಯಿಂದ ಒಳಗೆ ಹೋದವು. ಕಂಬ ತಟ್ಟುವುದನ್ನೂ ಮರೆತ. ಪ್ರತಿ ಸಲ ಗೋಲಾದಾಗಲೂ ನಾನು ಒಂದೊಂದು ಕೀಲಿ ಒತ್ತಬೇಕಿತ್ತು. ಗೆರೆ ಎಳೆಯುವುದೇ ವಾಸಿ ಇತ್ತೇನೋ ಅನ್ನಿಸಿತು.

ನಾಲ್ಕಕ್ಕೆ ಮೀಟಿಂಗು. ನಾಲ್ಕು ಜನ, ಥರ್ಮಸ್ಸಿನಲ್ಲಿ ಕಾಫಿ, ದಾಲ್ಚಿನ್ನಿ ಬನ್ನು. ಈ ದೇಶದಲ್ಲಿ ಗಲ್ಲಿಗೇರಿಸುವ ಮೊದಲೂ ಫೀಕಾ ಅಂತ ಕಾಫಿ, ಬನ್ನು ಕೊಡುತ್ತಾರೆ ಅಂತ ಕಾಣುತ್ತದೆ. ಹೆಡ್‌ಮೇಷ್ಟ್ರು ಉಳಿದವರಿಗೆ ನಡೆದದ್ದನ್ನು ಎರಡು ವಾಕ್ಯದಲ್ಲಿ ಹೇಳಿದರು.

ಒಬ್ಬ ಕೋಚು ಬನ್ನು ಕೆಳಗಿಟ್ಟು, “ಆದರೂ ಒಂದು ಮಾತೂ ಕೇಳದೆ ಬ್ಯಾಗ್ ಕಟ್ಟುವ ಗೋಲಿ... ಅದೂ ಒಂದು ಮಾಹಿತಿಯೇ ಅಲ್ಲವಾ?” ಅಂದ.

“ನಾವೇ ಹಾಗೆ ಕಲಿಸಿದ್ದು,” ಅಂದರು ಹೆಡ್‌ಮೇಷ್ಟ್ರು. ಆಮೇಲೆ ನನ್ನ ಕಡೆ ತಿರುಗಿದರು. “ನನ್ನ ದನಿ ಯಾರು ಬೇಕಾದರೂ ಮಾಡಲಿ. ನನ್ನ ಹೆಂಡತಿಯೂ ಮಾಡುತ್ತಾಳೆ. ಆದರೆ ಎಡಗೈ ಮಾತು ಹಾಳೆಯಲ್ಲಿತ್ತು.”

“ಹೌದು.”

“ಅದು... ಹೊರಗೆ ಬಂತು.”

“ಹೌದು.” ಕೆಲಸದಿಂದ ತೆಗೆಯುತ್ತಾರೆ, ಯೂನಿವರ್ಸಿಟಿಗೆ ಪತ್ರ ಬರೆಯುತ್ತಾರೆ, ಅಲ್ಲಿಂದ ಸುದ್ದಿ ಬೆಂಗಳೂರಿಗೆ ಹೋಗುತ್ತದೆ, ಅಮ್ಮ ಹೇಳುತ್ತಾಳೆ ಬಾಯಿ ಮುಚ್ಚಿಕೊಂಡಿರು ಅಂತ ಹೇಳಿದ್ದೆನಲ್ಲ ಅಂತ. ಎಲ್ಲ ಒಂದೇ ಉಸಿರಿನಲ್ಲಿ ಕಣ್ಣ ಮುಂದೆ ಹಾದುಹೋಯಿತು.

ಅವರು ಹೇಳಿದ್ದು ಬೇರೆ. ಆರೂ ಗೋಲಿಗಳ ಮಧ್ಯಾಹ್ನದ ಅಂಕ ಅಳಿಸಬೇಕು. ಒಬ್ಬನದಷ್ಟೇ ಅಳಿಸಿದರೆ ಉಳಿದ ಐವರಿಗೆ ಅನ್ಯಾಯ. ನಾಳೆ ಬೆಳಿಗ್ಗೆ ಗೋಲಿಗಳಿಗೆ ಮಾತ್ರ ಇನ್ನೊಂದು ಗಂಟೆ. ಆ ಗಂಟೆ ಊರಿನ ಪುಟ್ಟ ಹುಡುಗಿಯರ ಫಿಗರ್ ಸ್ಕೇಟಿಂಗ್ ಕ್ಲಾಸಿನದು, ಅವರಿಂದ ಕೇಳಿ ಪಡೆಯಬೇಕು. ಕೇಳುವ ಕೆಲಸ ನನ್ನದು. ಟೈಪ್ ಮಾಡುವ ಕೆಲಸವೂ ನನ್ನದೇ, ಯಾಕೆಂದರೆ ಬೇರೆ ಯಾರೂ ಇಲ್ಲ.

ಆ ಹುಡುಗಿಯರ ಟೀಚರು ನನ್ನ ಕತೆಯನ್ನು ಪೂರ್ತಿ ಕೇಳಿ, “ಈಗ ನನ್ನ ದನಿ ಮಾಡಬೇಡ,” ಅಂದಷ್ಟೇ ಹೇಳಿ ಗಂಟೆ ಬಿಟ್ಟುಕೊಟ್ಟಳು.

ಮರುದಿನ ಬೆಳಿಗ್ಗೆ ನನ್ನ ಮೇಜನ್ನು ಗೋಲಿನ ಹಿಂದೆಯೇ ಹಾಕಿಸಿದ್ದರು, ಗಾಜಿನ ಈಚೆಗೆ. ಪಕ್ಕುಗಳು ನನ್ನ ಮುಖದ ನೇರಕ್ಕೇ ಬರುತ್ತಿದ್ದವು. ಬಗ್ಗಲಿಲ್ಲ. ಧೈರ್ಯ ಬಂದು ಅಲ್ಲ, ಅದಕ್ಕಿಂತ ದೊಡ್ಡ ಭಯ ಕೂತಿದ್ದರಿಂದ ಈ ಸಣ್ಣ ಭಯಕ್ಕೆ ಒಳಗೆ ಜಾಗವೇ ಇರಲಿಲ್ಲ. ಮೂವತ್ತೊಂದು ಮೊದಲ ಎರಡು ಬಿಟ್ಟ. ಮೂರನೆಯದನ್ನು ಎದೆಯ ಮೇಲೆ ತೆಗೆದುಕೊಂಡ. ನಾಲ್ಕನೆಯದು ಎಡಗಡೆ ಮೇಲೆ ಬಂತು, ಕೈ ಹೋಗಿ ಅದನ್ನು ಹಿಡಿಯಿತು. ಆಮೇಲಿನದು ಒಳಗೆ ಹೋಯಿತು. ಅವನು ಎರಡೂ ಕಂಬ ತಟ್ಟಿ, ಮಂಡಿ ಬಗ್ಗಿಸಿ ನಿಂತ. ಆ ಟಕ್ ಟಕ್ ನನಗೆ ಗಾಜಿನ ಈಚೆಗೂ ಕೇಳಿಸಿತು.

ಲ್ಯಾಪ್‌ಟಾಪಿನ ಪ್ರೋಗ್ರಾಮ್ ಪಟ್ಟಿ ಕೊಟ್ಟಾಗ ನಾಲ್ಕೂ ಜನ ನನ್ನ ಬೆನ್ನ ಹಿಂದೆ ನಿಂತಿದ್ದರು. ಮೂವತ್ತೊಂದು ಮೂರನೆಯವನು. ಕೂದಲೆಳೆಯಲ್ಲಿ. ನಾಲ್ಕನೆಯವನು ಒಬ್ಬ ಚುರುಕಾದ ಹುಡುಗ, ನಿನ್ನೆ ಮಧ್ಯಾಹ್ನ ಬಹಳ ಚೆನ್ನಾಗಿ ಆಡಿದ್ದ. ಆ ಅಂಕ ಅಳಿಸಿಹೋಗಿತ್ತು. ಹೆಡ್‌ಮೇಷ್ಟ್ರು ಕಾರಿಡಾರಿಗೆ ಹೋಗಿ ಅವನ ಭುಜದ ಮೇಲೆ ಕೈ ಇಟ್ಟದ್ದನ್ನು ಬಾಗಿಲ ಸಂದಿಯಿಂದ ನೋಡಿದೆ. ಅಂಕ ಅಳಿಸದೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ಲೆಕ್ಕ ಹಾಕಿ ನೋಡಬಹುದಿತ್ತು, ಒಂದು ಕೀಲಿ ಒತ್ತಿದರೆ ಸಾಕಿತ್ತು. ಒತ್ತಲಿಲ್ಲ. ಈಗಲೂ ಒತ್ತುವ ಧೈರ್ಯ ಇಲ್ಲ.

ಸ್ಟೇಷನ್ನಿಗೆ ಹೋಗುವ ಬಸ್ಸಿನಲ್ಲಿ ಮೂವತ್ತೊಂದು ಮುಂದೆ ಕೂತಿದ್ದ, ಪಕ್ಕದ ಸೀಟಿನಲ್ಲಿ ಅವನ ಬ್ಯಾಗು. ನಾನು ಕಣ್ಣಿಗೆ ಬೀಳದಂತೆ ಹಿಂದಿನ ಸೀಟು ಹಿಡಿದಿದ್ದೆ. ಸ್ವಲ್ಪ ಹೊತ್ತಿಗೆ ಅವನು ಎದ್ದು ಬಂದು ತನ್ನ ಫೋನನ್ನು ನನ್ನ ಮುಂದೆ ಹಿಡಿದ.

“ಅಮ್ಮ,” ಅಂದ.

ನನಗೆ ಹೆಡ್‌ಮೇಷ್ಟ್ರೇ ವಾಸಿ ಅನ್ನಿಸಿತು. ನಿನ್ನೆ ಬಸ್ ಸ್ಟಾಪಿನಿಂದ ಅವನು ಅಮ್ಮನಿಗೆ ಫೋನ್ ಮಾಡಿ, ಮುಗೀತು, ಮನೆಗೆ ಬರ್ತಿದ್ದೀನಿ ಅಂದಿದ್ದನಂತೆ. ಆಕೆಯ ದನಿ ಬಹಳ ಶಾಂತವಾಗಿತ್ತು. ಬೈಯಲಿಲ್ಲ. ನಾನೇ ವಿವರಿಸತೊಡಗಿದೆ: ತಮಾಷೆ ಅಂತ, ಬಾಗಿಲು ತೆರೆದಿತ್ತು ಅಂತ, ಕೂಡಲೇ ಓಡಿದೆ ಅಂತ, ತಪ್ಪು ಒಪ್ಪಿಕೊಂಡೆ ಅಂತ. ಆಕೆ ಪೂರ್ತಿ ಕೇಳಿದರು.

“ಅದೆಲ್ಲ ಅವನು ಹೇಳಿದ,” ಅಂದರು. “ನೀನು ಅವನಿಗೆ ಸಾರಿ ಕೇಳಿದೆಯಾ?”

ಹೆಡ್‌ಮೇಷ್ಟ್ರಿಗೆ ಹೇಳಿದ್ದೆ, ಮೀಟಿಂಗಿನಲ್ಲಿ ತಲೆ ತಗ್ಗಿಸಿದ್ದೆ, ಸ್ಕೇಟಿಂಗ್ ಟೀಚರಿಗೆ ಎರಡು ಸಲ ಕ್ಷಮಿಸಿ ಅಂದಿದ್ದೆ, ರಾತ್ರಿ ಫೋನಿನಲ್ಲಿ ರೂಮ್‌ಮೇಟ್ ಹತ್ತಿರ ಅತ್ತೂ ಬಿಟ್ಟಿದ್ದೆ. ಇವನಿಗೆ ಬಾ ಅಂದಿದ್ದೆ, ನಂಬು ಅಂದಿದ್ದೆ.

“ಇಲ್ಲ,” ಅಂದೆ.

“ಹಾಗಾದರೆ ಕೇಳು,” ಅಂದು ಆಕೆ ಫೋನ್ ಇಟ್ಟರು.

ಹುಡುಗ ಅಷ್ಟರಲ್ಲಿ ತನ್ನ ಜಾಗಕ್ಕೆ ಹೋಗಿದ್ದ. ಸೀಟುಗಳನ್ನು ಹಿಡಿದು ಹಿಡಿದು ಬಸ್ಸಿನ ಉದ್ದಕ್ಕೂ ಮುಂದೆ ಹೋದೆ. ಫೋನ್ ಕೊಟ್ಟೆ. “ತಪ್ಪಾಯ್ತು, ಕ್ಷಮಿಸು,” ಅಂದೆ, ಅವನ ಭಾಷೆಯಲ್ಲಿ, ನನ್ನ ಕೆಟ್ಟ ಉಚ್ಚಾರಣೆಯಲ್ಲಿ. ಅವನು ಕಿಟಕಿಯ ಹೊರಗೆ ನೋಡುತ್ತಲೇ ತಲೆಯಾಡಿಸಿದ. ಬ್ಯಾಗನ್ನು ಮಾತ್ರ ಸೀಟಿನಿಂದ ತೆಗೆಯಲಿಲ್ಲ. ನಾನು ಸ್ಟೇಷನ್ ಬರುವವರೆಗೂ ಕಂಬ ಹಿಡಿದುಕೊಂಡು ಅವನ ಪಕ್ಕ ನಿಂತೇ ಇದ್ದೆ.